ಮನೆಯಲ್ಲಿ ಹಾರುವ ಸಣ್ಣ ಪತಂಗ: ಯಾವುದದು, ಎಲ್ಲಿ ವಾಸ?

ಹೊಸ ಜೋಳ ಮನೆ ಸೇರಿ ಒಂದೆರಡು ತಿಂಗಳಾಗಿರುತ್ತದೆ. ಸಂಜೆ ಟ್ಯೂಬ್‌ಲೈಟ್ ಹಾಕಿದರೆ ಸಾಕು, ಬೆರಳ ಉಗುರಿಗಿಂತ ಚಿಕ್ಕ ಪತಂಗಗಳು ಅಡುಗೆಮನೆಯಲ್ಲಿ, ಪಡಸಾಲೆಯಲ್ಲಿ ಸುತ್ತುತ್ತವೆ. ಗೋಡೆಗೆ ಕೂರುತ್ತವೆ, ಕೈ ಬೀಸಿದರೆ ಅಡ್ಡಾದಿಡ್ಡಿ ಹಾರಿ ಮತ್ತೆ ಅಲ್ಲೇ ಕೂರುತ್ತವೆ. ವಿಜಯಪುರ, ಬಾಗಲಕೋಟೆ ಕಡೆ ಜೋಳ ಕೂಡಿಡುವ ಮನೆಗಳಲ್ಲಿ ಇದು ಹೊಸದೇನಲ್ಲ. ಹೆಚ್ಚಿನವರು ಮಾಡುವ ಕೆಲಸವೂ ಒಂದೇ: ಕಂಡ ಪತಂಗವನ್ನು ಹೊಡೆಯುವುದು, ಸ್ಪ್ರೇ ಹೊಡೆಯುವುದು, ಎರಡು ದಿನ ನೆಮ್ಮದಿಯಾಗಿರುವುದು. ಮೂರನೇ ದಿನ ಮತ್ತೆ ಹಾರುತ್ತವೆ.

ಹಾರುವ ಪತಂಗ ನಿಮ್ಮ ಜೋಳ ತಿನ್ನುವುದಿಲ್ಲ. ಧಾನ್ಯದ ಪತಂಗಗಳು ದೊಡ್ಡವಾದ ಮೇಲೆ ಬದುಕುವುದು ಒಂದೋ ಎರಡೋ ವಾರ ಅಷ್ಟೇ. ಆ ದಿನಗಳು ಜೊತೆ ಹುಡುಕಲು, ಮೊಟ್ಟೆ ಇಡಲು. ತಿನ್ನುವುದೆಲ್ಲ ಮರಿಹುಳು. ಅದು ಬೆಳಕಿಗೆ ಬರುವುದಿಲ್ಲ, ಕಣ್ಣಿಗೂ ಸುಲಭವಾಗಿ ಬೀಳುವುದಿಲ್ಲ. ಹಾಗಾಗಿ ಹಾರುವುದನ್ನು ಹೊಡೆದರೆ ದೋಷ ಹೋಗುವುದಿಲ್ಲ. ಆ ಪತಂಗ ಯಾವ ಜಾತಿ ಅಂತ ಗೊತ್ತಾದರೆ ಅದರ ಮರಿ ಎಲ್ಲಿ ಬದುಕುತ್ತದೆ ಅಂತ ಗೊತ್ತಾಗುತ್ತದೆ. ಆ ಜಾಗ ಸಿಕ್ಕ ಮೇಲೆ ಉಳಿದ ಕೆಲಸ ಕಷ್ಟದ್ದಲ್ಲ. ಈ ಬರಹ ಆ ಜಾಗ ಹುಡುಕುವ ಬಗ್ಗೆ.

ಮೊದಲು, ಅದು ಪತಂಗವೇ ಹೌದಾ?

ಬಚ್ಚಲುಮನೆಯಲ್ಲಿ ಮಾತ್ರ ಕಾಣುತ್ತಿದ್ದರೆ ಅನುಮಾನ ಪಡಿ. ಬಚ್ಚಲ ಗೋಡೆಯ ಮೇಲೆ ಮೈತುಂಬ ರೋಮವಿರುವ, ಬೂದು ಬಣ್ಣದ, ಎರಡರಿಂದ ಐದು ಮಿಲಿಮೀಟರ್‌ನಷ್ಟೇ ಇರುವ ಹುಳ ಕೂತಿದ್ದರೆ ಅದು ಪತಂಗವಲ್ಲ, ಒಂದು ಜಾತಿಯ ನೊಣ. ನೊಣಕ್ಕೆ ರೆಕ್ಕೆ ಒಂದೇ ಜೊತೆ, ಪತಂಗಕ್ಕೆ ಎರಡು ಜೊತೆ. ಈ ನೊಣದ ಮರಿ ಇರುವುದು ಮೋರಿಯ ಪೈಪಿನ ಒಳಗೆ ಕಟ್ಟಿಕೊಂಡ ಲೋಳೆಯಲ್ಲಿ. ಪೈಪನ್ನು ಬ್ರಷ್ ಹಾಕಿ ಉಜ್ಜಿ ಲೋಳೆ ತೆಗೆದರೆ ಮುಗಿಯಿತು. ಜೋಳದ ಚೀಲಕ್ಕೂ ಅದಕ್ಕೂ ಸಂಬಂಧವಿಲ್ಲ.

ಮಳೆ ಬಿದ್ದ ಸಂಜೆ ಏಕಾಏಕಿ ನೂರಾರು ಬಂದು, ಬೆಳಗ್ಗೆ ನೆಲದ ತುಂಬ ಬರೀ ರೆಕ್ಕೆ ಬಿದ್ದಿದ್ದರೆ ಅದು ಗೆದ್ದಲಿನ ಹಾರಾಟ.

ಇನ್ನೊಂದು, ಹೊರಗಿನ ಪತಂಗಗಳು. ಹೊಲದ ಹತ್ತಿರದ ಮನೆಗಳಿಗೆ ಮಳೆಗಾಲದಲ್ಲಿ ದೀಪ ನೋಡಿ ಹತ್ತಾರು ಜಾತಿಯವು ಬರುತ್ತವೆ. ಅವು ಮನೆಯಲ್ಲಿ ಹುಟ್ಟಿದವಲ್ಲ. ಇದನ್ನು ತಿಳಿಯಲು ಸುಲಭದ ದಾರಿ ಇದೆ. ಒಂದು ಸಂಜೆ ಕತ್ತಲಾಗುವ ಮೊದಲೇ ಕಿಟಕಿ ಬಾಗಿಲು ಮುಚ್ಚಿ. ಆಮೇಲೆ ದೀಪ ಹಾಕಿ. ಆಗಲೂ ಹಾರಿದರೆ, ಅದೂ ಎಲ್ಲ ಒಂದೇ ತರಹದವು ಆದರೆ, ಅವು ಒಳಗೇ ಹುಟ್ಟುತ್ತಿವೆ. ಬೇರೆ ಬೇರೆ ಬಣ್ಣ, ಬೇರೆ ಬೇರೆ ಅಳತೆಯವು ಇದ್ದರೆ ಹೊರಗಿಂದ ಬಂದವು.

ಹಿಡಿದು ನೋಡುವುದು

ಕೈಯಿಂದ ಹಿಡಿಯಬೇಡಿ. ಪತಂಗದ ಬಣ್ಣ ಪೂರ್ತಿ ರೆಕ್ಕೆಯ ಮೇಲಿನ ಹುಡಿಯಲ್ಲಿರುತ್ತದೆ. ಬೆರಳಿಗೆ ಆ ಹುಡಿ ಅಂಟಿದರೆ ಗುರುತೂ ಹೋಯಿತು. ಗೋಡೆಯ ಮೇಲೆ ಕೂತಾಗ ಅಗಲ ಬಾಯಿಯ ಗಾಜಿನ ಲೋಟ ಮುಚ್ಚಿ, ಅಡಿಯಿಂದ ಪೋಸ್ಟ್‌ಕಾರ್ಡ್ ತೂರಿಸಿ ತೆಗೆಯಿರಿ. ಹಾಗೇ ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಅಲುಗಾಡದೆ ಕೂರುತ್ತದೆ. ಬಿಳಿ ಹಾಳೆಯ ಮೇಲಿಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಬೆಳಗಿನ ಬೆಳಕಿನಲ್ಲಿ ಮೊಬೈಲಿನಿಂದ ಫೋಟೋ ತೆಗೆಯಿರಿ. ಮೇಲಿಂದ ಒಂದು, ಪಕ್ಕದಿಂದ ಒಂದು, ತಲೆಯ ಹತ್ತಿರದಿಂದ ಒಂದು. ಸತ್ತದ್ದು ಸಿಕ್ಕರೆ ಸೂಜಿಯಿಂದ ಹಿಂದಿನ ರೆಕ್ಕೆಯನ್ನು ನಿಧಾನವಾಗಿ ಬಿಡಿಸಿ ಅದರದ್ದೂ ಒಂದು ಇರಲಿ. ಹಿಂದಿನ ರೆಕ್ಕೆ ಬಹಳ ಹೇಳುತ್ತದೆ, ಮುಂದೆ ನೋಡೋಣ.

ಬರೀ ಪತಂಗ ನೋಡಿ ತೀರ್ಮಾನ ಮಾಡಬೇಡಿ. ಹಳೆಯದಾದ ಪತಂಗದ ಹುಡಿ ಉದುರಿ ಎಲ್ಲವೂ ಬೂದು ಬಣ್ಣಕ್ಕೆ ತಿರುಗಿರುತ್ತವೆ. ನನ್ನ ಅನುಭವದಲ್ಲಿ ಪತಂಗಕ್ಕಿಂತ ಅದರ ಮರಿ ಬಿಟ್ಟುಹೋದ ಕುರುಹು ಜಾಸ್ತಿ ನಂಬಿಕೆಗೆ ಯೋಗ್ಯ. ತೂತು, ಬಲೆ, ಹಿಕ್ಕೆ, ಗೂಡು. ಈ ನಾಲ್ಕನ್ನು ಹುಡುಕಿ.

ಜೋಳದ ಚೀಲದಲ್ಲಿ ಇಬ್ಬರಿದ್ದಾರೆ

ನಮ್ಮ ಕಡೆ ಜೋಳದ ಮನೆಗಳಲ್ಲಿ ಹಾರುವುದು ಹೆಚ್ಚಾಗಿ ಎರಡು ಜಾತಿ. ಜನ ಎರಡನ್ನೂ ‘ಜೋಳದ ಹುಳ ಹಾರಿದೆ’ ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆದರೆ ಇವೆರಡರ ಬದುಕು ಪೂರ್ತಿ ಬೇರೆ. ಮದ್ದೂ ಬೇರೆ. ಹಾಗಾಗಿ ಇಲ್ಲಿ ನಿಧಾನವಾಗಿ ನೋಡೋಣ.

ಮೊದಲನೆಯದು ಸಿಟೋಟ್ರೋಗಾ ಸಿರಿಯಲೆಲ್ಲಾ. ಫ್ರಾನ್ಸ್ ದೇಶದ ಅಂಗುಮ್ವಾ ಸೀಮೆಯಲ್ಲಿ 18ನೇ ಶತಮಾನದಲ್ಲಿ ಗೋದಿ ಹಾಳುಮಾಡಿ ಹೆಸರಾದ ಪತಂಗ ಇದೇ. ಇಂಗ್ಲಿಷಿನಲ್ಲಿ ಇವತ್ತಿಗೂ ಆ ಸೀಮೆಯ ಹೆಸರಿನಿಂದಲೇ ಕರೆಯುತ್ತಾರೆ. ಒಣಗಿದ ಹುಲ್ಲಿನ ಬಣ್ಣ, ತೆಳ್ಳಗೆ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಒಂದರಿಂದ ಒಂದೂವರೆ ಸೆಂಟಿಮೀಟರ್. ಹಿಂದಿನ ರೆಕ್ಕೆಯನ್ನು ಬಿಡಿಸಿ ನೋಡಿ ಅಂದೆನಲ್ಲ, ಅದು ಇದಕ್ಕಾಗಿ: ಇದರ ಹಿಂದಿನ ರೆಕ್ಕೆ ತುದಿಯಲ್ಲಿ ಥಟ್ಟನೆ ಕಿರಿದಾಗಿ ಚೂಪಾಗುತ್ತದೆ, ಅಂಚಿನ ಉದ್ದಕ್ಕೂ ಉದ್ದನೆಯ ರೋಮದ ಝಾಲರಿ ಇರುತ್ತದೆ.

ಇದರ ಮರಿ ಬದುಕುವುದು ಒಂದೇ ಒಂದು ಕಾಳಿನ ಒಳಗೆ. ಮೊಟ್ಟೆಯಿಂದ ಹೊರಬಂದ ಮರಿ ಕಾಳು ಕೊರೆದು ಒಳಹೊಕ್ಕರೆ ಆಮೇಲೆ ಪತಂಗವಾಗಿಯೇ ಹೊರಗೆ ಬರುವುದು. ಒಳಗಿನ ಹಿಟ್ಟನ್ನೆಲ್ಲ ತಿಂದು, ಕೋಶವಾಗುವ ಮೊದಲು ಸಿಪ್ಪೆಯವರೆಗೂ ದಾರಿ ಕೊರೆದು, ಸಿಪ್ಪೆಯ ತೆಳು ಪದರ ಮಾತ್ರ ಉಳಿಸುತ್ತದೆ. ಪತಂಗ ಆ ಪದರವನ್ನು ತಳ್ಳಿಕೊಂಡು ಹೊರಗೆ ಬರುತ್ತದೆ. ಅದಕ್ಕೇ ಇದರ ತೂತು ದುಂಡಗೆ, ಅಚ್ಚುಕಟ್ಟಾಗಿ ಇರುತ್ತದೆ. ಕೆಲವು ಕಾಳುಗಳಲ್ಲಿ ತೂತಿನ ಅಂಚಿಗೆ ಸಣ್ಣ ಮುಚ್ಚಳ ಇನ್ನೂ ಅಂಟಿಕೊಂಡಿರುವುದನ್ನು ಭೂತಗನ್ನಡಿಯಲ್ಲಿ ನೋಡಬಹುದು. ಸೊಂಡಿಲು ಹುಳದ ತೂತಾದರೆ ಅಂಚು ಒರಟು. ಇನ್ನೊಂದು ಕರಿ ದುಂಬಿಯಂಥ ಕಾಳು ಕೊರಕ ಇದೆ, ಅದು ಬಿದ್ದರೆ ಚೀಲದ ತಳದಲ್ಲಿ ಹಿಟ್ಟಿನ ರಾಶಿ. ಈ ಪತಂಗದಿಂದ ಹಿಟ್ಟು ಹೆಚ್ಚು ಉದುರುವುದಿಲ್ಲ.

ಕೈಯಲ್ಲಿ ಒಂದು ಹಿಡಿ ಜೋಳ ತೆಗೆದುಕೊಂಡು ನೀರಿಗೆ ಹಾಕಿ. ಟೊಳ್ಳಾದ ಕಾಳು ತೇಲುತ್ತದೆ. ಆದರೆ ಜೊಳ್ಳು ಕಾಳೂ ತೇಲುತ್ತದೆ ಅಲ್ವಾ? ಹಾಗಾಗಿ ತೇಲಿದ್ದನ್ನು ತೆಗೆದು ಬ್ಲೇಡಿನಿಂದ ಎರಡು ಹೋಳು ಮಾಡಿ ನೋಡಿ. ಒಳಗೆ ಬಿಳಿ ಮರಿಯೋ, ಕಂದು ಕೋಶವೋ, ಹಿಕ್ಕೆಯೋ ಕಂಡರೆ ಸಂಶಯವಿಲ್ಲ. ಹೊರಗಿನಿಂದ ಚೆನ್ನಾಗಿಯೇ ಕಾಣುವ ಕಾಳಿನಲ್ಲೂ ಮರಿ ಇರಬಹುದು. ಇದು ತುಂಬ ಮುಖ್ಯ. ಮೊರದಲ್ಲಿ ಕೇರಿ, ತೂತಿನ ಕಾಳು ಆರಿಸಿ ತೆಗೆದು, ‘ಇನ್ನೇನೂ ಇಲ್ಲ’ ಅಂತ ಚೀಲ ಕಟ್ಟಿಟ್ಟವರಿಗೆ ತಿಂಗಳ ನಂತರ ಮತ್ತೆ ಪತಂಗ ಕಾಣುವುದು ಇದೇ ಕಾರಣಕ್ಕೆ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಪತಂಗವಾಗಲು ಸುಮಾರು 5 ವಾರ ಸಾಕು.

ಈ ಪತಂಗ ನಾಜೂಕು. ರಾಶಿಯ ಆಳಕ್ಕೆ ಇಳಿಯುವ ಶಕ್ತಿ ಇಲ್ಲ. ಕಣಜದಲ್ಲಾಗಲಿ ಚೀಲದಲ್ಲಾಗಲಿ ಮೇಲಿನ ಒಂದು ಅಡಿಯಲ್ಲೇ ಹೆಚ್ಚು ಹಾನಿ. ಜೊತೆಗೆ ಇದು ಹೊಲದಲ್ಲೇ ತೆನೆಗೆ ಮೊಟ್ಟೆ ಇಡಬಲ್ಲದು. ಅಂದರೆ ಹೊಸ ಚೀಲ, ಹೊಸ ಜೋಳ, ಗುಡಿಸಿ ಸಾರಿಸಿದ ಕೋಣೆ ಎಲ್ಲ ಇದ್ದರೂ ದೋಷ ಕಾಳಿನ ಜೊತೆಯೇ ಮನೆಗೆ ಬಂದಿರಬಹುದು.

ಎರಡನೆಯದು ಅಕ್ಕಿ ಪತಂಗ, ಕಾರ್ಸೈರಾ ಸೆಫಲೋನಿಕಾ. ಹೆಸರು ಅಕ್ಕಿಯದಾದರೂ ಜೋಳ, ಸಜ್ಜೆ, ನವಣೆ, ಶೇಂಗಾ, ರವಾ ಎಲ್ಲವೂ ಇದಕ್ಕೆ ಆಗುತ್ತದೆ. ಮೊದಲನೆಯದಕ್ಕಿಂತ ದಪ್ಪ, ದೊಡ್ಡದು. ಮಾಸಲು ಬೂದುಗಂದು ಬಣ್ಣ, ಚುಕ್ಕೆ ಪಟ್ಟೆ ಏನೂ ಎದ್ದು ಕಾಣುವುದಿಲ್ಲ, ರೆಕ್ಕೆಯ ನರಗಳು ಮಾತ್ರ ಸ್ವಲ್ಪ ಕಪ್ಪಗೆ. ತಲೆಯ ಮುಂದೆ ಹುಡಿಯ ಸಣ್ಣ ಜುಟ್ಟು. ಕೂತಾಗ ರೆಕ್ಕೆಯನ್ನು ಮೈಗೆ ಇಳಿಜಾರಾಗಿ ಒತ್ತಿಕೊಂಡು ಕೂರುತ್ತದೆ.

ಇದರ ಮರಿ ಕಾಳಿನೊಳಗೆ ಇರುವುದಿಲ್ಲ, ಕಾಳುಗಳ ನಡುವೆ ಇರುತ್ತದೆ. ಹೋದಲ್ಲೆಲ್ಲ ರೇಷ್ಮೆಯಂಥ ನೂಲು ಬಿಡುತ್ತಾ ಹೋಗುತ್ತದೆ. ಕಾಳು, ನುಚ್ಚು, ಹಿಕ್ಕೆ ಎಲ್ಲವನ್ನೂ ಸೇರಿಸಿ ನೂಲಿನಲ್ಲಿ ಹೆಣೆದು ಅದರೊಳಗೆ ಕೂತು ತಿನ್ನುತ್ತದೆ. ಚೀಲಕ್ಕೆ ಕೈ ಹಾಕಿದಾಗ ಕಾಳು ಸರಾಗವಾಗಿ ಜಾರದೆ ಗಂಟುಗಂಟಾಗಿ ಮೇಲೆ ಬಂದರೆ, ಬೆರಳಿಗೆ ನೂಲು ಸುತ್ತಿಕೊಂಡರೆ, ಅದು ಅಕ್ಕಿ ಪತಂಗದ ಕೆಲಸ. ಬೆಳೆದ ಮರಿ ಒಂದೂವರೆ ಸೆಂಟಿಮೀಟರ್ ಉದ್ದ, ಕೆನೆ ಬಣ್ಣ, ಕಂದು ತಲೆ. ಬಲೆ ಜಾಸ್ತಿಯಾದಂತೆ ಜೋಳಕ್ಕೆ ಕೆಟ್ಟ ವಾಸನೆಯೂ ಬರುತ್ತದೆ.

ಇದಕ್ಕೆ ಮುರಿದ ಕಾಳು ಬೇಕು. ಇಡೀ ಕಾಳಿನ ಸ್ವಚ್ಛ ಜೋಳದಲ್ಲಿ ಇದು ನಿಧಾನ. ನುಚ್ಚು, ಧೂಳು, ಹಿಟ್ಟು ಬೆರೆತ ಜೋಳದಲ್ಲಿ ಬೇಗ ಬೆಳೆಯುತ್ತದೆ. ರಾಶಿ ಮಾಡುವಾಗ ಯಂತ್ರದಲ್ಲಿ ಕಾಳು ಹೆಚ್ಚು ಒಡೆದ ವರ್ಷ ಇದರ ಕಾಟ ಜಾಸ್ತಿ ಆದರೆ ಆಶ್ಚರ್ಯವಿಲ್ಲ. ಸೊಂಡಿಲು ಹುಳ ಮೊದಲು ಬಿದ್ದು ಕಾಳು ಒಡೆದ ಮೇಲೆ ಇದು ಹಿಂಬಾಲಿಸುವುದೂ ಉಂಟು. ಹಾಗಾಗಿ ಬಲೆ ಕಂಡ ಚೀಲದಲ್ಲಿ ಸೊಂಡಿಲು ಹುಳವನ್ನೂ ಹುಡುಕಿ.

ಒಟ್ಟಿನಲ್ಲಿ ದುಂಡು ತೂತು ಇದ್ದು ಬಲೆ ಇಲ್ಲದಿದ್ದರೆ ದೋಷ ಕಾಳಿನೊಳಗೆ. ಬಲೆ ಇದ್ದು ಗಂಟು ಕಟ್ಟಿದ್ದರೆ ದೋಷ ಕಾಳುಗಳ ನಡುವೆ. ಎರಡೂ ಕಂಡರೆ ಎರಡೂ ಜಾತಿ ಇವೆ.

ಚೀಲ ಸ್ವಚ್ಛ, ಆದರೂ ಹಾರುತ್ತಿವೆ

ಇದು ಎಲ್ಲಕ್ಕಿಂತ ಬೇಸರ ತರುವ ಸ್ಥಿತಿ. ನಮ್ಮ ಓಣಿಯ ಒಬ್ಬ ಅವ್ವ ಹೇಳಿದ ಮಾತು ಇದು: “ಚೀಲ ಎಲ್ಲಾ ಬಿಸಲಿಗಿ ಹಾಕೀನಿ, ಡಬ್ಬಿ ಎಲ್ಲಾ ತೊಳದೀನಿ, ಮತ್ತ ಹಾರಾಕತ್ಯಾವ ನೋಡಪಾ.” ಅವರ ಜೋಳ ನೋಡಿದೆ. ತೂತಿಲ್ಲ, ಬಲೆ ಇಲ್ಲ, ನೀರಿಗೆ ಹಾಕಿದರೆ ತೇಲಿದ್ದು ಜೊಳ್ಳು ಮಾತ್ರ. ಆದರೆ ಹಾರುತ್ತಿದ್ದುದು ಹುಲ್ಲಿನ ಬಣ್ಣದ ಪತಂಗ, ಹಿಂದಿನ ರೆಕ್ಕೆ ಚೂಪು. ಅಂದರೆ ಎಲ್ಲೋ ಇಡೀ ಕಾಳು ಇರಲೇಬೇಕು. “ಅವ್ವಾ, ಮನಿಯಾಗ ಬ್ಯಾರೆ ಎಲ್ಲೆರ ಕಾಳು ಅದಾವೇನು?” ಅಂತ ಕೇಳಿದೆ. ಇಲ್ಲ ಅಂದರು. ತಲೆ ಎತ್ತಿ ನೋಡಿದರೆ ಜಂತಿಗೆ ಬೀಜಕ್ಕೆಂದು ಕಟ್ಟಿದ ಜೋಳದ ತೆನೆಗಳಿದ್ದವು. ಒಂದು ತೆನೆ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಕುಟ್ಟಿದಾಗ ಅರ್ಧಕ್ಕರ್ಧ ಕಾಳಿಗೆ ದುಂಡು ತೂತು.

ಆ ಮನೆಯಲ್ಲಿ ಜಾತಿ ಗೊತ್ತಾಗದೇ ಹೋಗಿದ್ದರೆ ತೆನೆಯತ್ತ ನೋಡುತ್ತಿರಲಿಲ್ಲ. ಪತಂಗದ ಹೆಸರು ತಿಳಿಯುವುದರಿಂದ ಆಗುವ ಪ್ರಯೋಜನ ಇದೇ, ಎಲ್ಲಿ ಹುಡುಕಬೇಕು ಅನ್ನುವುದು ಕಿರಿದಾಗುತ್ತದೆ.

ಹುಲ್ಲಿನ ಬಣ್ಣದ್ದಾದರೆ ಹುಡುಕಬೇಕಾದ ಜಾಗಗಳು: ಜಂತಿಯ ತೆನೆ, ಗುಬ್ಬಿಗೆಂದು ಕಟ್ಟಿದ ತೆನೆ, ಗೋವಿನಜೋಳದ ಒಣ ತೆನೆ, ಕೋಳಿಗೆ ಹಾಕುವ ಕಾಳು, ಮರೆತುಹೋದ ಗೋದಿಯ ಡಬ್ಬಿ. ಬೂದುಗಂದು ಆದರೆ: ಹಳೆಯ ರವಾ, ಶೇಂಗಾ, ನುಚ್ಚು, ದನದ ಹಿಂಡಿ, ಎಳ್ಳು, ಬೀಸುಕಲ್ಲಿನ ಸಂದಿ, ಹಿಟ್ಟಿನ ಡಬ್ಬದ ಮುಚ್ಚಳದ ಒಳ ಅಂಚು. ಖಾಲಿ ಗೋಣಿಚೀಲಗಳ ಹೊಲಿಗೆಯನ್ನು ಬಿಚ್ಚಿ ನೋಡಿ, ಬಿಳಿ ರೇಷ್ಮೆಗೂಡು ಸಾಲಾಗಿ ಸಿಗುತ್ತವೆ. ಖಾಲಿ ಚೀಲ ಅಂತ ಬಿಡುವುದೇ ದೊಡ್ಡ ತೊಂದರೆ.

ಸಂಜೆ ಪತಂಗ ಮೊದಲು ಯಾವ ಮೂಲೆಯಲ್ಲಿ ಕಾಣುತ್ತದೆ ಅನ್ನುವುದನ್ನೂ ಗಮನಿಸಿ. ಹುಟ್ಟಿದ ಜಾಗ ಸಾಮಾನ್ಯವಾಗಿ ಅದೇ ಕೋಣೆಯಲ್ಲಿರುತ್ತದೆ. ಗೊಂದಲವಾದರೆ ಅನುಮಾನದ ಪ್ರತಿ ಚೀಲದಿಂದ ಒಂದು ಹಿಡಿ ತೆಗೆದು ಬೇರೆ ಬೇರೆ ಗಾಜಿನ ಬಾಟಲಿಗೆ ಹಾಕಿ, ತೆಳು ಬಟ್ಟೆ ಕಟ್ಟಿ, ಮೇಲೆ ಚೀಟಿ ಅಂಟಿಸಿ ಇಡಿ. ಒಂದೆರಡು ತಿಂಗಳೊಳಗೆ ಯಾವ ಬಾಟಲಿಯಲ್ಲಿ ಪತಂಗ ಬರುತ್ತದೋ ಆ ಚೀಲವೇ ಮೂಲ. ಕಾಯಬೇಕು, ಆದರೆ ಇದಕ್ಕಿಂತ ಖಚಿತವಾದ ಪರೀಕ್ಷೆ ಮನೆಯಲ್ಲಿ ಇನ್ನೊಂದಿಲ್ಲ.

ಒಣದ್ರಾಕ್ಷಿ ಇರುವ ಮನೆ

ವಿಜಯಪುರ ಜಿಲ್ಲೆಯಲ್ಲಿ, ಅದರಲ್ಲೂ ತಿಕೋಟಾ ಕಡೆ, ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವವರು ಬಹಳ. ಇಲ್ಲಿ ಬರುವ ಪತಂಗವೇ ಬೇರೆ, ಗುರುತು ಹಿಡಿಯುವುದೂ ಸುಲಭ. ಪ್ಲೋಡಿಯಾ ಇಂಟರ್‌ಪಂಕ್ಟೆಲ್ಲಾ ಅನ್ನುವ ಇದರ ಮುಂದಿನ ರೆಕ್ಕೆ ಎರಡು ಬಣ್ಣದ್ದು. ಮೈ ಕಡೆಯ ಮೂರನೇ ಒಂದು ಭಾಗ ತಿಳಿ ಬೂದು, ತುದಿ ಕಡೆಯ ಮೂರನೇ ಎರಡು ಭಾಗ ತಾಮ್ರದ ಕೆಂಪು. ಬರಿಗಣ್ಣಿಗೇ ಕಾಣುತ್ತದೆ. ಇದರ ಜೊತೆಗೆ ಅಥವಾ ಬದಲಿಗೆ, ಎದ್ದು ಕಾಣುವ ಗುರುತಿಲ್ಲದ ಬೂದು ಪತಂಗ ಬಂದರೆ ಅದು ಬಾದಾಮಿ ಪತಂಗ, ಕಾಡ್ರಾ ಕಾಟೆಲ್ಲಾ ಇರಬಹುದು. ಅಕ್ಕಿ ಪತಂಗಕ್ಕೂ ಇದಕ್ಕೂ ಬರಿಗಣ್ಣಿನಲ್ಲಿ ವ್ಯತ್ಯಾಸ ಹೇಳುವುದು ಕಷ್ಟ. ಹಣ್ಣಿನಲ್ಲಿದೆಯೋ ಕಾಳಿನಲ್ಲಿದೆಯೋ ಅನ್ನುವುದೇ ಅಲ್ಲಿ ಒಳ್ಳೆಯ ಸುಳಿವು.

ಪ್ಲೋಡಿಯಾ ಮರಿಗೆ ಒಂದು ಗುಣ ಇದೆ. ಕೋಶ ಕಟ್ಟುವ ಹೊತ್ತಿಗೆ ತಿನ್ನುವ ಜಾಗ ಬಿಟ್ಟು ದೂರ ತೆವಳಿಹೋಗುತ್ತದೆ. ಗೋಡೆ ಏರುತ್ತದೆ, ಚಾವಣಿಯ ಮೂಲೆಯಲ್ಲಿ, ಕಪಾಟಿನ ತಿರುಪಿನ ತೂತಿನಲ್ಲಿ ಗೂಡು ಕಟ್ಟುತ್ತದೆ. ಚಾವಣಿಯಲ್ಲಿ ಗೂಡು ಕಂಡರೆ ಅಲ್ಲಿ ಮೂಲ ಇದೆ ಅಂತಲ್ಲ, ಅದೇ ಕೋಣೆಯ ಡಬ್ಬಿಗಳನ್ನು ನೋಡಿ. ಮಣೂಕದ ಪೊಟ್ಟಣದ ಮೂಲೆಯಲ್ಲಿ ನೂಲಿಗೆ ಅಂಟಿದ ಕಾಳುಕಾಳು ಹಿಕ್ಕೆ ಇದ್ದರೆ ಸಾಕು, ಸಾಕ್ಷಿ ಸಿಕ್ಕಿತು. ಹಬ್ಬಕ್ಕೆ ಬಂದ ಡ್ರೈಫ್ರೂಟ್ ಡಬ್ಬಿಯನ್ನು ಮರೆಯಬೇಡಿ.

ಅಂಟುಬಲೆಯ ಜೊತೆ ಮಾರುವ ಮೋಹಕ ಮಾತ್ರೆ ಪ್ಲೋಡಿಯಾ, ಬಾದಾಮಿ ಪತಂಗ ಎರಡಕ್ಕೂ ಕೆಲಸ ಮಾಡುತ್ತದೆ. ಏಕೆಂದರೆ ಎರಡರ ಹೆಣ್ಣೂ ಬಿಡುವ ವಾಸನೆಯ ಮುಖ್ಯ ವಸ್ತು ಒಂದೇ. ಅದು ಗಂಡನ್ನು ಮಾತ್ರ ಸೆಳೆಯುತ್ತದೆ. ಅಂಟುಬಲೆ ಇರುವುದು ಪತಂಗ ಇದೆಯೋ ಇಲ್ಲವೋ ತಿಳಿಯಲು, ನಾಶ ಮಾಡಲು ಅಲ್ಲ. ಜೋಳದ ಪತಂಗಗಳಿಗೆ ಇದೇ ಮಾತ್ರೆ ಹಾಕಿ ‘ಏನೂ ಬೀಳಲಿಲ್ಲ, ಮನೆ ಸ್ವಚ್ಛ’ ಅಂದುಕೊಂಡರೆ ಮೋಸ ಹೋಗುತ್ತೀರಿ, ಅವುಗಳ ವಾಸನೆ ಬೇರೆ.

ವಾಸನೆಯ ಮಾತು ಬಂತು, ಹತ್ತಿ ಬೆಳೆಯುವವರಿಗೆ ಒಂದು ವಿಷಯ. ಗುಲಾಬಿ ಕಾಯಿಕೊರಕಕ್ಕೆ ಹಾಕುವ ಮೋಹಕ ಮಾತ್ರೆಯಲ್ಲಿ ಜೋಳದ ಹುಲ್ಲುಬಣ್ಣದ ಪತಂಗದ ವಾಸನೆಯ ವಸ್ತುವೂ ಸೇರಿದೆ. ಹಾಗಾಗಿ ಊರ ಹತ್ತಿರದ ಹೊಲದ ಬಲೆಯಲ್ಲಿ ಅದೂ ಬೀಳಬಹುದು. ಲೆಕ್ಕ ಹಾಕುವಾಗ ಬಣ್ಣ ನೋಡಿ ಎಣಿಸಿ. ಕಾಯಿಕೊರಕದ ಪತಂಗ ಗಾಢ ಕಂದು, ಇದು ಹುಲ್ಲಿನ ಬಣ್ಣ. ಹತ್ತಿಯನ್ನು ಮನೆಯೊಳಗೆ ರಾಶಿ ಹಾಕಿದವರಿಗೆ ಆ ಗಾಢ ಕಂದು ಪತಂಗ ಕೋಣೆಯಲ್ಲೂ ಕಾಣಬಹುದು. ಮರಿ ಹತ್ತಿಬೀಜದೊಳಗೆ ಇರುತ್ತದೆ. ಎರಡು ಬೀಜ ನೂಲಿನಿಂದ ಅಂಟಿಕೊಂಡಿರುವುದು ಅದರ ಗುರುತು.

ಗೋಡೆ, ಕಂಬಳಿ, ಆಲೂಗಡ್ಡೆ

ಗೋಡೆಯ ಮೇಲೆ ಕುಂಬಳಬೀಜದ ಹಾಗೆ ಚಪ್ಪಟೆಯಾದ, ಬೂದು ಬಣ್ಣದ ಚೀಲ ನಿಧಾನವಾಗಿ ಸರಿಯುತ್ತಿದ್ದರೆ ಹೆದರಬೇಡಿ. ಅದರೊಳಗೊಂದು ಪತಂಗದ ಮರಿ ಇದೆ. ಧೂಳು, ಮರಳು, ಬಟ್ಟೆಯ ಎಳೆಗಳನ್ನು ನೂಲಿನಲ್ಲಿ ಹೆಣೆದು ಮಾಡಿಕೊಂಡ ಮನೆ ಅದು. ಎರಡೂ ತುದಿಗೆ ಬಾಯಿ ಇದೆ, ಮರಿ ಯಾವ ಕಡೆಯಿಂದಾದರೂ ತಲೆ ಹಾಕುತ್ತದೆ. ಇದು ತಿನ್ನುವುದು ಹಳೆಯ ಜೇಡರಬಲೆ, ಉದುರಿದ ಕೂದಲು, ಸತ್ತ ಹುಳ. ಧಾನ್ಯಕ್ಕೆ ಬರುವುದಿಲ್ಲ. ತೇವದ ಗೋಡೆ, ಗುಡಿಸದ ಮೂಲೆ ಇದಕ್ಕೆ ಇಷ್ಟ. ಜೇಡರಬಲೆ ತೆಗೆದು, ಮಂಚದ ಹಿಂದೆ ಗುಡಿಸಿದರೆ ಕಡಿಮೆಯಾಗುತ್ತದೆ. ವಿಷ ಬೇಡವೇ ಬೇಡ.

ಬಟ್ಟೆಯ ಪತಂಗ ಬೇರೆ. ಹೊಳೆಯುವ ತಿಳಿ ಹೊಂಬಣ್ಣ, ಬೆಳಕಿಗೆ ಬರುವುದಿಲ್ಲ, ಟ್ರಂಕು ತೆರೆದರೆ ಹಾರುವ ಬದಲು ಓಡಿ ಮಡಿಕೆಯೊಳಗೆ ಅಡಗುತ್ತದೆ. ದೀಪದ ಸುತ್ತ ಹಾರುವುದು ಇದಲ್ಲ. ಇದರ ಮರಿಗೆ ಉಣ್ಣೆ, ರೇಷ್ಮೆ, ಗರಿ, ಕೂದಲು ಬೇಕು. ಹತ್ತಿ ಜೀರ್ಣವಾಗುವುದಿಲ್ಲ. ಕುರಿ ಉಣ್ಣೆಯ ಕಂಬಳಿಯಲ್ಲಿ ತೂತು ಬಿದ್ದರೆ ಇದನ್ನೇ ಸಂಶಯಿಸಿ. ಇಳಕಲ್ ಸೀರೆಯಲ್ಲಿ ತೂತಾದರೆ ಎಲ್ಲಿ ಆಗಿದೆ ನೋಡಿ. ಒಡಲು ಹತ್ತಿಯದಾಗಿದ್ದು ಅಪ್ಪಟ ರೇಷ್ಮೆಯ ಸೆರಗಿನಲ್ಲಿ ಮಾತ್ರ ತೂತಿದ್ದರೆ ಪತಂಗ ಇರಬಹುದು. ಹತ್ತಿಯ ಒಡಲಿನಲ್ಲೋ, ಕೃತಕ ರೇಷ್ಮೆಯ ಸೆರಗಿನಲ್ಲೋ ಇದ್ದರೆ ಜಿರಳೆ, ಬೆಳ್ಳಿಹುಳ ಅಥವಾ ಇಲಿಯನ್ನು ಹುಡುಕಿ. ಬೆವರು, ಎಣ್ಣೆಯ ಕಲೆ ಇದ್ದ ಜಾಗಕ್ಕೆ ಪತಂಗದ ಮರಿ ಮೊದಲು ಬರುತ್ತದೆ. ಅದಕ್ಕೇ ಒಗೆದು, ಬಿಸಿಲು ಕಾಣಿಸಿ ಇಡುವುದು ಒಳ್ಳೆಯದು.

ಬೆಳಗಾವಿ ಕಡೆ ಆಲೂಗಡ್ಡೆ ಕೂಡಿಟ್ಟ ಮನೆಗಳಲ್ಲಿ ಬೂದುಗಂದು ಸಣ್ಣ ಪತಂಗ ಕಂಡರೆ ಗಡ್ಡೆಯ ಕಣ್ಣುಗಳನ್ನು ನೋಡಿ. ಕಣ್ಣಿನ ಹತ್ತಿರ ಕಪ್ಪು ಹಿಕ್ಕೆ ಹೊರಬಂದಿದ್ದರೆ ಅದು ಆಲೂಗಡ್ಡೆ ಗೆಡ್ಡೆ ಪತಂಗ. 1906ರ ಸುಮಾರಿಗೆ ಇಟಲಿಯಿಂದ ತರಿಸಿದ ಬಿತ್ತನೆ ಗಡ್ಡೆಯ ಜೊತೆ ಅಂದಿನ ಮುಂಬಯಿ ಪ್ರಾಂತಕ್ಕೆ ಬಂದದ್ದು ಇದು. ಬೆಳಗಾವಿ ಆಗ ಅದೇ ಪ್ರಾಂತದಲ್ಲಿತ್ತು. ಹೊಲದಲ್ಲಿ ಮಣ್ಣಿನಿಂದ ಹೊರಗೆ ಇಣುಕುವ ಗಡ್ಡೆಗೆ ಇದು ಮೊದಲು ಮೊಟ್ಟೆ ಇಡುತ್ತದೆ. ಹಾಗಾಗಿ ಮಣ್ಣು ಏರಿಸುವುದು, ಕಿತ್ತ ಗಡ್ಡೆಯನ್ನು ರಾತ್ರಿ ಹೊಲದಲ್ಲಿ ಬಿಡದಿರುವುದು ಮುಖ್ಯ.

ಮೂಲ ಸಿಕ್ಕಿತು, ಈಗ ಏನು?

ಕಾಳಿನೊಳಗಿನ ಮರಿಗೆ ಬಿಸಿಲೇ ಮದ್ದು. ಆದರೆ ಬೆಳಗ್ಗೆ ಚೀಲದ ಬಾಯಿ ಬಿಚ್ಚಿ ಬಿಸಿಲಿಗೆ ಇಟ್ಟರೆ ಬಿಸಿಲು ಕಾಣಿಸಿದಂತಲ್ಲ. ಮಾಳಿಗೆಯ ಮೇಲೆ ತಾಡಪಾಲು ಹಾಸಿ ಎರಡು ಬೆರಳಿನಷ್ಟು ತೆಳ್ಳಗೆ ಹರಡಬೇಕು, ಆಗಾಗ ಕೈಯಾಡಿಸಬೇಕು. ಕಾಳೇ 50 ಡಿಗ್ರಿ ದಾಟಿ ಹಲವು ಗಂಟೆ ಇದ್ದರೆ ಒಳಗಿನ ಮರಿ ಬದುಕುವುದಿಲ್ಲ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಆ ತಾಕತ್ತು ಇದೆ. ಒಣಗಿದ ಜೋಳದ ತೇವಾಂಶ ಶೇಕಡಾ 12ಕ್ಕಿಂತ ಕಡಿಮೆ ಇರಬೇಕು, ಹಲ್ಲಿನಲ್ಲಿ ಕಡಿದರೆ ಕಟಕ್ಕನೆ ಒಡೆಯಬೇಕು. ಬಿಸಿ ಕಾಳನ್ನು ಹಾಗೇ ತುಂಬಬೇಡಿ, ಒಳಗೆ ಬೆವರುತ್ತದೆ. ನೆರಳಿನಲ್ಲಿ ಆರಿಸಿ, ಕತ್ತಲಾಗುವ ಮೊದಲೇ ತುಂಬಿ, ಏಕೆಂದರೆ ಪತಂಗ ಮೊಟ್ಟೆ ಇಡಲು ಓಡಾಡುವುದು ಸಂಜೆಯ ನಂತರ. ಬಿತ್ತನೆ ಬೀಜಕ್ಕೆ ಮಾತ್ರ ಈ ಅತಿಬಿಸಿ ಬೇಡ, ಮೊಳಕೆ ಕೆಡಬಹುದು. ಅದನ್ನು ಚೆನ್ನಾಗಿ ಒಣಗಿಸಿ ಗಾಳಿಯಾಡದ ಡಬ್ಬದಲ್ಲಿ ಬೇರೆ ಇಡಿ.

ಬಲೆಯ ಪತಂಗಕ್ಕಾದರೆ ಮೊದಲು ಜರಡಿ. ನುಚ್ಚು, ಧೂಳು, ಗಂಟು ಎಲ್ಲ ಬೇರೆ ತೆಗೆದು ಮನೆಯಿಂದ ದೂರ ಸುಡಿ ಅಥವಾ ಕೋಳಿಗೆ ಹಾಕಿ. ಹಿತ್ತಲಿಗೆ ಸುರಿದರೆ ಅದು ಮತ್ತೆ ಒಳಗೆ ಬರುತ್ತದೆ. ಚೀಲಗಳನ್ನು ಕುದಿಯುವ ನೀರಿನಲ್ಲಿ ಅದ್ದಿ, ತಿರುವಿ ಹಾಕಿ ಒಣಗಿಸಿ. ಹಳೆಯ ಜೋಳದ ಮೇಲೆ ಹೊಸ ಜೋಳ ಸುರಿಯುವ ಅಭ್ಯಾಸ ಬಿಡಿ.

ಮಣೂಕ, ರವಾ, ಹಿಟ್ಟಿನಂಥ ಸ್ವಲ್ಪ ಸಾಮಾನಿಗೆ ಫ್ರೀಜರ್ ಒಳ್ಳೆಯದು. ಮೈನಸ್ 18 ಡಿಗ್ರಿಯಲ್ಲಿ ಒಂದು ವಾರ ಇಟ್ಟರೆ ಮೊಟ್ಟೆಯೂ ಉಳಿಯುವುದಿಲ್ಲ.

ಬೇವಿನ ಎಲೆ ಹಾಕಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಹಾಕಿ, ತೊಂದರೆಯಿಲ್ಲ, ಪೂರ್ತಿ ಒಣಗಿದ ಎಲೆ ಹಾಕಿ. ಆದರೆ ಕಾಳಿನೊಳಗೆ ಆಗಲೇ ಕೂತ ಮರಿಗೆ ಎಲೆಯ ವಾಸನೆಯಿಂದ ಏನೂ ಆಗದು. ಹಸಿ ಎಲೆ ಹಾಕಿದರೆ ತೇವ ಹೆಚ್ಚಾಗಿ ಬೂಷ್ಟು ಬರುತ್ತದೆ.

ಹಗೇವು, ಅಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿ, ಇನ್ನೂ ಉಳಿಸಿಕೊಂಡವರಿಗೆ ಪತಂಗದ ಕಾಟ ಕಡಿಮೆ. ಬಾಯಿ ಮುಚ್ಚಿ ಮಣ್ಣು ಮೆತ್ತಿದ ಮೇಲೆ ಒಳಗೆ ಆಮ್ಲಜನಕ ಕಡಿಮೆಯಾಗಿ ಹುಳ ಬದುಕುವುದಿಲ್ಲ. ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಹಗೇವು ತೆರೆದ ಕೂಡಲೇ ಯಾರೂ ಇಳಿಯಬಾರದು. ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಡಬೇಕು. ಕಂದೀಲು ಇಳಿಸಿದಾಗ ಆರಿದರೆ ಇಳಿಯಲೇಬೇಡಿ, ಆರದಿದ್ದರೂ ಸೊಂಟಕ್ಕೆ ಹಗ್ಗ ಕಟ್ಟದೆ, ಮೇಲೆ ಜನ ಇಲ್ಲದೆ ಇಳಿಯಬೇಡಿ. ಚೀಲದಲ್ಲಿ ಇಡುವವರು ಗಾಳಿಯಾಡದ ಪ್ಲಾಸ್ಟಿಕ್ ಒಳಚೀಲ ಬಳಸಿದರೆ ಹಗೇವಿನ ಗುಣ ಸಿಗುತ್ತದೆ, ಅಪಾಯವಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಗೋದಾಮಿಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಜನ ಮಲಗುವ ಮನೆಯಲ್ಲಿ ಇಡಬೇಡಿ. ಗಾಳಿಯ ತೇವಕ್ಕೆ ಅದು ಬಿಡುವ ಫಾಸ್ಫೀನ್ ಅನಿಲ ಪಕ್ಕದ ಕೋಣೆಗೂ ಹೋಗುತ್ತದೆ, ಜೀವ ತೆಗೆಯುತ್ತದೆ. ತರಬೇತಿ ಇದ್ದವರು, ಜನ ವಾಸವಿಲ್ಲದ ಗೋದಾಮಿನಲ್ಲಿ ಮಾತ್ರ ಬಳಸುವ ವಸ್ತು ಅದು.

ಸರಿ ಹೋಯಿತು ಅಂತ ಯಾವಾಗ ತಿಳಿಯುವುದು?

ಮದ್ದು ಮಾಡಿದ ಮೇಲೂ ಎರಡು ವಾರ ಅಲ್ಲೊಂದು ಇಲ್ಲೊಂದು ಪತಂಗ ಕಾಣುತ್ತದೆ. ಮೊದಲೇ ಹೊರಬಂದು ಉಳಿದವು, ಇಲ್ಲವೇ ಗೋಡೆಯ ಸಂದಿಯಲ್ಲಿ ಆಗಲೇ ಕೋಶವಾಗಿದ್ದವು ಅವು. ಅದಕ್ಕೆ ಗಾಬರಿಯಾಗಿ ಮತ್ತೆ ಎಲ್ಲ ಬಿಚ್ಚಬೇಡಿ. ಹುಲ್ಲುಬಣ್ಣದ್ದಕ್ಕೆ 5 ವಾರದ ಮೇಲೆ, ಅಕ್ಕಿ ಪತಂಗಕ್ಕೆ 6ರಿಂದ 8 ವಾರದ ಮೇಲೆ ಮತ್ತೆ ಗುಂಪಾಗಿ ಹಾರಿದರೆ ಮೂಲ ಇನ್ನೂ ಉಳಿದಿದೆ ಅಂತ ಅರ್ಥ. ಚಳಿಗಾಲದಲ್ಲಿ ಇನ್ನೂ ಸ್ವಲ್ಪ ತಡವಾಗುತ್ತದೆ. ಪತಂಗ ಕಂಡ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಹೋದರೆ ಈ ಲೆಕ್ಕ ತಾನಾಗಿ ಸಿಗುತ್ತದೆ.

ಇಷ್ಟಾದರೂ ಜಾತಿ ಗೊತ್ತಾಗದಿದ್ದರೆ ಬಲ್ಲವರಿಗೆ ತೋರಿಸಿ. ಸಣ್ಣ ಪತಂಗಗಳಲ್ಲಿ ಎಷ್ಟೋ ಜಾತಿಗಳನ್ನು ಫೋಟೋ ನೋಡಿ ಹೇಳಲಾಗದು, ಸೂಕ್ಷ್ಮದರ್ಶಕದ ಕೆಳಗೆ ಜನನಾಂಗದ ರಚನೆ ನೋಡಿಯೇ ಹೇಳಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರದವರಿದ್ದಾರೆ, ವಿಜಯಪುರದವರಿಗೆ ಹಿಟ್ನಳ್ಳಿಯ ಕೃಷಿ ಕಾಲೇಜು ಹತ್ತಿರ. ಕೀಟ ಸಾಕುವ ಪ್ರಯೋಗಾಲಯಗಳಲ್ಲಿ ಅಕ್ಕಿ ಪತಂಗವನ್ನು ಒಡೆದ ಜೋಳ, ಸಜ್ಜೆ ಹಾಕಿ ಬೇಕಂತಲೇ ಸಾಕುತ್ತಾರೆ. ಅದರ ಮೊಟ್ಟೆಯ ಮೇಲೆ ಟ್ರೈಕೋಗ್ರಾಮಾ ಅನ್ನುವ, ಕಣಜದ ಹುಳದ ಜಾತಿಯ ಅತಿಸಣ್ಣ ಕೀಟವನ್ನು ಬೆಳೆಸಿ, ಆ ಮೊಟ್ಟೆಗಳನ್ನು ಕಾರ್ಡಿಗೆ ಅಂಟಿಸಿ, ಕಬ್ಬಿನ ಕಾಂಡಕೊರಕದ ಮೊಟ್ಟೆ ನಾಶಮಾಡಲು ಹೊಲಕ್ಕೆ ಕೊಡುತ್ತಾರೆ. ಕಬ್ಬು ಬೆಳೆಯುವ ನಮ್ಮ ರೈತರಿಗೆ ಆ ಕಾರ್ಡು ಗೊತ್ತಿರುತ್ತದೆ.

ತೋರಿಸಲು ಒಯ್ಯುವಾಗ ಪತಂಗವನ್ನು ಫ್ರೀಜರ್‌ನಲ್ಲಿಟ್ಟು ಸತ್ತ ಮೇಲೆ ಬೆಂಕಿಪೆಟ್ಟಿಗೆಯಲ್ಲಿ ತೆಳು ಟಿಶ್ಯೂ ಕಾಗದದ ಮೇಲಿಡಿ. ಹತ್ತಿ ಹಾಕಬೇಡಿ, ಎಳೆಗೆ ಕಾಲು ಸಿಕ್ಕಿ ಮುರಿಯುತ್ತವೆ. ಎರಡು ಮೂರು ಇದ್ದರೆ ಒಳ್ಳೆಯದು, ಗಂಡು ಹೆಣ್ಣು ಎರಡೂ ಸಿಗಬಹುದು. ಜೊತೆಗೆ ಹಾಳಾದ ಕಾಳು ಒಂದು ಹಿಡಿ, ಮರಿ ಸಿಕ್ಕರೆ ಸಣ್ಣ ಬಾಟಲಿಯಲ್ಲಿ ಸ್ಯಾನಿಟೈಸರ್ ಹಾಕದೆ ಬರೀ ಸ್ಪಿರಿಟ್‌ನಲ್ಲಿ ಹಾಕಿ. ಚೀಟಿಯಲ್ಲಿ ಊರು, ತಾರೀಖು, ಯಾವ ಕೋಣೆ, ಯಾವ ಸಾಮಾನಿನಲ್ಲಿ ಸಿಕ್ಕಿತು, ಆ ಸಾಮಾನು ಎಲ್ಲಿಂದ ಬಂತು ಅಂತ ಪೆನ್ಸಿಲ್ಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಸ್ಪಿರಿಟ್ ತಾಗಿದರೆ ಅಳಿಸಿಹೋಗುತ್ತದೆ.